ದೂರು ಹೇಳಲು ಕೂಸಿಗೆ ಮಾತು ಬಾರದು

ಮದುವೆ ಮನೆಯ ಪಂಕ್ತಿಯಲ್ಲಿ ನೀವು ಇದನ್ನು ನೋಡಿದ್ದೀರಿ. ನೀರಿನ ಲೋಟಕ್ಕೆ ಒರಗಿಸಿಟ್ಟ ಫೋನು, ಅದರ ಮುಂದೆ ಒಂದೂವರೆ ವರ್ಷದ ಕೂಸು. ಪರದೆಯಲ್ಲಿ ಹಳದಿ ಬಸ್ಸೊಂದು ಕುಣಿಯುತ್ತಿದೆ, ಕೂಸು ರೆಪ್ಪೆ ಬಡಿಯುವುದನ್ನೇ ಮರೆತಿದೆ. ಅಮ್ಮ ಕಲಸಿದ ಅನ್ನವನ್ನು ತುಟಿಗೆ ತಾಗಿಸಿದರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ತುತ್ತಿನ ಕಡೆ ನೋಟವಿಲ್ಲ, ತುತ್ತು ಕೊಟ್ಟ ಕೈಯ ಕಡೆಗೂ ಇಲ್ಲ. "ಎಷ್ಟು ಸಮಾಧಾನದ ಮಗು!" ಎಂದು ಪಕ್ಕದ ಎಲೆಯವರು ಮೆಚ್ಚಿಕೊಳ್ಳುತ್ತಾರೆ. ನಿಮಗೆ ಒಳಗೆಲ್ಲೋ ಚುರುಕ್ಕೆನ್ನುತ್ತದೆ. ಆದರೂ ನೀವು ಕೋಸಂಬರಿಗೆ ಕೈ ಹಾಕುತ್ತೀರಿ, ಸುಮ್ಮನಾಗುತ್ತೀರಿ. ಕೂಸೂ ಸುಮ್ಮನಿರುತ್ತದೆ. ದೂರು ಹೇಳಲು ಕೂಸಿಗೆ ಮಾತು ಬಾರದು.

ನಾನು ಯಂತ್ರದ್ವೇಷಿಯಲ್ಲ, ನೀವೂ ಅಲ್ಲ. ನಮ್ಮನ್ನು ಮನುಷ್ಯರನ್ನಾಗಿ ಮಾಡಿದ್ದರಲ್ಲಿ ನಾವೇ ಮಾಡಿಕೊಂಡ ಉಪಕರಣಗಳ ಪಾಲು ದೊಡ್ಡದು. ಕೆನ್ಯಾದ ತುರ್ಕಾನಾ ಸರೋವರದ ಬಳಿ ಸಿಕ್ಕ ಕಲ್ಲಿನ ಉಪಕರಣಗಳಿಗೆ 33 ಲಕ್ಷ ವರ್ಷ ವಯಸ್ಸು. ನಮ್ಮದೇ ಯಾದಗಿರಿ ಜಿಲ್ಲೆಯ ಹುಣಸಗಿ ಸೀಮೆಯ ಇಸಾಂಪುರದಲ್ಲಿ, ಸುಮಾರು 12 ಲಕ್ಷ ವರ್ಷಗಳ ಹಿಂದೆ ಸುಣ್ಣಕಲ್ಲನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗವನ್ನು ಪುರಾತತ್ವಜ್ಞ ಕೆ. ಪದ್ದಯ್ಯ ಮತ್ತು ಸಂಗಡಿಗರು ಅಗೆದು ತೋರಿಸಿದ್ದಾರೆ. ಕಲ್ಲು ಹಿಡಿದ ಕೈಯೂ ಏಟಿನ ಲೆಕ್ಕ ಹಾಕಿದ ಮಿದುಳೂ ಒಂದನ್ನೊಂದು ಬೆಳೆಸುತ್ತ ಬಂದವು. 450 ಘನ ಸೆಂಟಿಮೀಟರಿನ ಆಸುಪಾಸಿನಲ್ಲಿದ್ದ ಪೂರ್ವಜರ ಮಿದುಳು ನಮ್ಮಲ್ಲಿ 1,350ರ ಸುಮಾರಿಗೆ ಬಂದು ಮುಟ್ಟಿತು. ಆ ದೊಡ್ಡ ಮಿದುಳನ್ನು ಸಾಕಲು ಬೇಕಾದ ಕಸುವು ಬಂದದ್ದು ಬೇಯಿಸಿದ ಆಹಾರದಿಂದ ಎಂದು ಮಾನವಶಾಸ್ತ್ರಜ್ಞ ರಿಚರ್ಡ್ ರಾಂಗಮ್ ವಾದಿಸುತ್ತಾರೆ. ಬರವಣಿಗೆ ಹುಟ್ಟಿ ಐದು ಸಾವಿರ ವರ್ಷ ದಾಟಿದೆ, ಅಷ್ಟೇ. ಓದಲೆಂದೇ ಮಿದುಳಿನಲ್ಲಿ ಯಾವ ಭಾಗವೂ ವಿಕಾಸಗೊಂಡಿಲ್ಲ, ವಸ್ತುಗಳನ್ನೂ ಮುಖಗಳನ್ನೂ ಗುರುತಿಸುವ ಕಡೆಯಲ್ಲೇ ನಾವು ಅಕ್ಷರಕ್ಕೂ ಜಾಗ ಮಾಡಿಕೊಳ್ಳುತ್ತೇವೆ ಎನ್ನುತ್ತಾರೆ ಫ್ರಾನ್ಸಿನ ವಿಜ್ಞಾನಿ ಸ್ಟಾನಿಸ್ಲಾಸ್ ದೆಹಾನ್.

ಒಂದು ಮಾತು ಗಮನಿಸಿ. ಇವೆಲ್ಲವೂ ಕೂಸಿನ ಬಳಿ ಬಂದದ್ದು ಇನ್ನೊಬ್ಬ ಮನುಷ್ಯನ ಜೊತೆಯಲ್ಲಿ. ಕಲ್ಲು ಒಡೆಯುವುದನ್ನು ಕಲಿಯಲು ಒಡೆಯುವವರ ಪಕ್ಕದಲ್ಲಿ ಕೂರಬೇಕಿತ್ತು. ಬೆಂಕಿ ಎಲ್ಲರನ್ನೂ ತನ್ನ ಸುತ್ತ ಕೂರಿಸಿಕೊಳ್ಳುತ್ತಿತ್ತು. ಅಕ್ಷರಾಭ್ಯಾಸದ ದಿನ ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಮಗು ತಿದ್ದಿದ ಮೊದಲ ಅಕ್ಷರದಲ್ಲಿ ಅದರ ಬೆರಳು ಹಿಡಿದವರ ಬೆರಳೂ ಇತ್ತು. ಪ್ರತಿಯೊಂದು ಉಪಕರಣದ ಹಿಂದೆ ಒಂದು ಮುಖವಿತ್ತು. ಇವತ್ತು ನಾವು ಕೂಸಿನ ಕೈಗೆ ಕೊಡುತ್ತಿರುವ ಉಪಕರಣ ಆ ಮುಖದ ಜಾಗದಲ್ಲೇ ಬಂದು ಕೂತಿದೆ. ಇದು ನಿಮಗೆ ಗೊತ್ತಿದೆ.

ಹುಟ್ಟಿದ ಗಂಟೆಯೊಳಗೆ ಕರು ಎದ್ದು ನಿಲ್ಲುತ್ತದೆ; ನಮ್ಮ ಕೂಸಿಗೆ ಕತ್ತು ನಿಲ್ಲಲು ಮೂರು ತಿಂಗಳು ಬೇಕು. ಹುಟ್ಟುವಾಗ ಅದರ ಮಿದುಳು ದೊಡ್ಡವರ ಮಿದುಳಿನ ಕಾಲು ಭಾಗ ತೂಗುತ್ತದೆ, ಮೂರು ವರ್ಷ ತುಂಬುವ ಹೊತ್ತಿಗೆ ಮುಕ್ಕಾಲನ್ನೂ ಮೀರಿರುತ್ತದೆ. ಆ ಮೂರು ವರ್ಷಗಳಲ್ಲಿ ನರಕೋಶಗಳ ನಡುವೆ ಯಾವ ಕೊಂಡಿ ಗಟ್ಟಿಯಾಗಬೇಕು, ಯಾವುದು ಕಳಚಿ ಬೀಳಬೇಕು ಎಂಬುದನ್ನು ತೀರ್ಮಾನಿಸುವುದರಲ್ಲಿ ಕೂಸು ಕಂಡದ್ದಕ್ಕೆ, ಕೇಳಿದ್ದಕ್ಕೆ, ಮುಟ್ಟಿದ್ದಕ್ಕೆ ದೊಡ್ಡ ಪಾಲಿದೆ. ವಿಕಾಸವು ಮನುಷ್ಯನ ಕೂಸನ್ನು ಅರ್ಧ ಮಾಡಿ, ಉಳಿದರ್ಧವನ್ನು ನಮ್ಮ ಮಡಿಲಿಗೆ ಒಪ್ಪಿಸಿ ಹೋಗಿದೆ, ಯಾರಾದರೂ ಇದ್ದೇ ಇರುತ್ತಾರೆ, ಎತ್ತಿಕೊಳ್ಳುತ್ತಾರೆ, ಮಾತಾಡಿಸುತ್ತಾರೆ, ನಗುತ್ತಾರೆ, ಗದರುತ್ತಾರೆ ಎಂಬ ನಂಬಿಕೆಯಿಂದ. ಲಕ್ಷಾಂತರ ವರ್ಷ ಆ ನಂಬಿಕೆ ಸುಳ್ಳಾಗಲಿಲ್ಲ.

ಆ ನಂಬಿಕೆ ಎಷ್ಟು ಆಳವಾದದ್ದು ಎಂಬುದನ್ನು 2003ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳ ಮುಂದೆ ಚೀನೀ ಮಾತೃಭಾಷೆಯವರು ಕೂತು, ಆಟಿಕೆ ಹಿಡಿದು, ಪುಸ್ತಕ ತೋರಿಸಿ ಮ್ಯಾಂಡರಿನ್ ಮಾತಾಡಿದರು. ಹನ್ನೆರಡು ಸಲ ಹೀಗೆ ಕೂತದ್ದೇ ಸಾಕಾಯಿತು, ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತು ಹಿಡಿದವು. ಅದೇ ಜನರ ಅದೇ ಮಾತನ್ನು ಟಿವಿಯಲ್ಲಿ ಕಂಡ ಕೂಸುಗಳು ಏನೂ ಕಲಿಯಲಿಲ್ಲ. ಪರದೆಯನ್ನು ಅವು ಕಣ್ಣರಳಿಸಿ ನೋಡಿದ್ದವು, ಆದರೂ ಕಲಿಯಲಿಲ್ಲ. ಒಂದು ವರ್ಷವೂ ತುಂಬದ ಜೀವಕ್ಕೆ ತನ್ನನ್ನು ನೋಡುವ ಕಣ್ಣು ಯಾವುದು, ನೋಡದ ಕಣ್ಣು ಯಾವುದು ಎಂಬುದು ತಿಳಿಯುತ್ತದೆ. ನಮಗೇ ಮರೆತುಹೋಗಿದೆ.

ಇನ್ನೊಂದು ಪ್ರಯೋಗ ಇನ್ನೂ ಹಳೆಯದು, ಇನ್ನೂ ನೋವಿನದು. 1970ರ ದಶಕದಲ್ಲಿ ಎಡ್ವರ್ಡ್ ಟ್ರೋನಿಕ್ ಎಂಬ ಮನಶ್ಶಾಸ್ತ್ರಜ್ಞರು ತಾಯಂದಿರಿಗೆ ಹೇಳಿದ್ದು ಇಷ್ಟೇ: ಕೂಸಿನೊಡನೆ ಎಂದಿನಂತೆ ಆಡಿ, ಆಮೇಲೆ ಎರಡು ಮೂರು ನಿಮಿಷ ಮುಖದಲ್ಲಿ ಯಾವ ಭಾವವೂ ಇಲ್ಲದೆ ಸುಮ್ಮನೆ ಅದನ್ನೇ ನೋಡುತ್ತ ಕೂತಿರಿ. ಕೂಸು ಮೊದಲು ನಗುತ್ತದೆ, ಅಮ್ಮ ನಗಲಿಲ್ಲವೆಂದು ಇನ್ನೊಮ್ಮೆ ನಗುತ್ತದೆ, ಕೈ ಚಾಚುತ್ತದೆ, ಕೇಕೆ ಹಾಕುತ್ತದೆ, ಗೊತ್ತಿರುವ ಆಟವನ್ನೆಲ್ಲ ಆಡಿ ತೋರಿಸುತ್ತದೆ, ಯಾವುದೂ ಫಲಿಸದಾಗ ಮುಖ ಅತ್ತ ತಿರುಗಿಸುತ್ತದೆ, ಅಳುತ್ತದೆ. ಆ ತಾಯಂದಿರು ಪ್ರಯೋಗ ಮುಗಿದೊಡನೆ ಕೂಸನ್ನು ಎದೆಗೊತ್ತಿಕೊಂಡರು. ನಮ್ಮ ಮನೆಗಳಲ್ಲಿ, ನಾವು ಫೋನಿನೊಳಗೆ ಮುಳುಗಿ ಕೂತಿರುವ ಸಂಜೆಗಳಲ್ಲಿ, ಈ ಪ್ರಯೋಗ ಮುಗಿಯುವುದೇ ಇಲ್ಲ. ಆ ಸಂಜೆಗಳ ಬಗ್ಗೆ ದೂರು ಹೇಳಲು ಕೂಸಿಗೆ ಮಾತು ಬಾರದು.

ಪರದೆಯಿಂದ ಕೂಸಿನ ವಂಶವಾಹಿ ಬದಲಾಗಿಬಿಡುತ್ತದೆ ಎಂದು ನಿಮ್ಮನ್ನು ಹೆದರಿಸುವುದಿಲ್ಲ; ಅಂಥ ಬದಲಾವಣೆಗೆ ಅನೇಕ ಪೀಳಿಗೆಗಳು ಬೇಕು. ಬದಲಾಗುತ್ತಿರುವುದು ಅದಕ್ಕಿಂತ ಹತ್ತಿರದ್ದು, ಕೂಸು ಬೆಳೆಯುವ ವಾತಾವರಣ. ಆಸ್ಟ್ರೇಲಿಯಾದಲ್ಲಿ 220 ಕುಟುಂಬಗಳ ಮನೆಯ ಸದ್ದನ್ನು ದಾಖಲಿಸಿಕೊಂಡು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೂರು ವರ್ಷದ ಮಗುವಿನ ಮುಂದೆ ಪರದೆ ಒಂದು ನಿಮಿಷ ಹೆಚ್ಚು ಓಡಿದರೆ ಅದರ ಕಿವಿಗೆ ಬೀಳುವ ದೊಡ್ಡವರ ಮಾತು ಸುಮಾರು ಏಳು ಪದಗಳಷ್ಟು ಕಡಿಮೆ, ಅದರ ಬಾಯಿಂದ ಹೊರಡುವ ದನಿ ಸುಮಾರು ಐದರಷ್ಟು ಕಡಿಮೆ ಎಂದು ಕಂಡುಕೊಂಡಿತು. ಜಪಾನಿನಲ್ಲಿ 7,097 ತಾಯಿ-ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಒಂದು ವರ್ಷಕ್ಕೇ ಹೆಚ್ಚು ಪರದೆ ಕಂಡ ಮಕ್ಕಳಲ್ಲಿ ಎರಡು ಮತ್ತು ನಾಲ್ಕನೆಯ ವಯಸ್ಸಿಗೆ ಸಂವಹನದಲ್ಲಿ ಹಿಂದುಳಿಯುವಿಕೆ ಹೆಚ್ಚಾಗಿ ಕಂಡಿತು. ಪರದೆಯೊಂದೇ ಕಾರಣ ಎಂದು ಇವು ಸಾಬೀತು ಮಾಡುವುದಿಲ್ಲ, ನಿಜ. ಆದರೆ ಒಂದು ನಿಮಿಷಕ್ಕೆ ಏಳು ಪದ ಎಂದರೆ ಒಂದು ಗಂಟೆಗೆ ಎಷ್ಟು ಎಂದು ಲೆಕ್ಕ ಹಾಕಲು ನಿಮಗೆ ಯಾವ ವಿಜ್ಞಾನಿಯೂ ಬೇಕಿಲ್ಲ.

ಎಲ್ಲ ಪರದೆಯೂ ಒಂದೇ ಅಲ್ಲ ಎಂಬುದೂ ನಿಮಗೆ ಗೊತ್ತಿದೆ. ನ್ಯೂಜೆರ್ಸಿಯ ಮೊಮ್ಮಗು ಮೈಸೂರಿನ ಅಜ್ಜಿಯನ್ನು ವಿಡಿಯೊ ಕರೆಯಲ್ಲಿ ಕಂಡಾಗ ಅಜ್ಜಿ ಅದರ ತೊದಲಿಗೆ ಮರುತೊದಲುತ್ತಾಳೆ. ಅಲ್ಲಿ ಒಂದು ಮುಖವಿದೆ, ಉತ್ತರವಿದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ ಎನ್ನುವ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ಕೂಡ ನೆಂಟರ ಜೊತೆಗಿನ ಇಂಥ ಕರೆಗೆ ಅಡ್ಡಿ ಮಾಡಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಎರಡು ತುಂಬುವವರೆಗೆ ಕೂಸನ್ನು ಪರದೆಯ ಮುಂದೆ ಕೂರಿಸಬೇಡಿ, ಎರಡರಿಂದ ನಾಲ್ಕರವರೆಗೆ ದಿನಕ್ಕೆ ಒಂದು ಗಂಟೆ ಮೀರಬೇಡಿ, ಅದಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು.

ಹಾಗೆಂದು ಪಂಕ್ತಿಯಲ್ಲಿ ಕೂತಿದ್ದ ಆ ತಾಯಿಯನ್ನು ಬೈಯಬೇಡಿ. ಮನುಷ್ಯನ ಕೂಸನ್ನು ತಾಯಿಯೊಬ್ಬಳೇ ಸಾಕಿದ ಕಾಲ ಇರಲೇ ಇಲ್ಲ. ಅಜ್ಜಿ, ಅತ್ತೆ, ಅಕ್ಕ, ನೆರೆಮನೆಯಾಕೆ, ಎಲ್ಲರ ಕಂಕುಳಲ್ಲೂ ಅದು ಬೆಳೆಯುತ್ತಿತ್ತು. ಇವತ್ತು ಆ ಕಂಕುಳುಗಳೆಲ್ಲ ಖಾಲಿ. ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಒಲೆಯನ್ನೂ ಕೂಸನ್ನೂ ಕಚೇರಿಯ ಕೆಲಸವನ್ನೂ ನೋಡಿಕೊಳ್ಳುವವಳಿಗೆ, ಕಟ್ಟಡದ ಕೆಲಸಕ್ಕೆ ಹೋಗುವಾಗ ಕೂಸನ್ನು ಶೆಡ್ಡಿನಲ್ಲಿ ಬಿಟ್ಟುಹೋಗುವವಳಿಗೆ, ಫೋನು ಬಿಟ್ಟರೆ ಬೇರೆ ಯಾವ ಆಸರೆ ಕೊಟ್ಟಿದ್ದೇವೆ? ನಾನು ಕರೆಯುತ್ತಿರುವುದು ಅವಳನ್ನಲ್ಲ, ಅವಳ ಅಕ್ಕಪಕ್ಕ ಕೂತಿರುವ ನಿಮ್ಮನ್ನು. ಆಫೀಸಿನಿಂದ ಬಂದು ಸೋಫಾದಲ್ಲಿ ಕೂತ ಅಪ್ಪನನ್ನು. "ಅಳಿಸಬೇಡಿ, ಮೊಬೈಲ್ ಕೊಡಿ" ಎನ್ನುವ ತಾತನನ್ನು. ಐವತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಡೆ ಶಿಶುಪಾಲನಾ ವ್ಯವಸ್ಥೆ ಇರಬೇಕೆಂದು 2017ರಲ್ಲೇ ಕಾನೂನು ತಿದ್ದುಪಡಿಯಾದರೂ ಜಾಣಕುರುಡು ನಟಿಸುವ ಮಾಲೀಕನನ್ನು. ಗ್ರಾಮ ಪಂಚಾಯಿತಿಯ 'ಕೂಸಿನ ಮನೆ' ಶಿಶುಪಾಲನಾ ಕೇಂದ್ರ ತೆರೆದಿದೆಯೇ, ಮುಚ್ಚಿದೆಯೇ ಎಂದು ಒಮ್ಮೆಯೂ ಇಣುಕಿ ನೋಡದ ಸದಸ್ಯನನ್ನು. ಒಂದು ವಿಡಿಯೊ ಮುಗಿದೊಡನೆ ಇನ್ನೊಂದು ತಾನಾಗಿ ಶುರುವಾಗುವಂತೆ, ನೋಡುವ ಕಣ್ಣಿಗೆ ಬಿಡುವೇ ಸಿಗದಂತೆ ತಂತ್ರಾಂಶ ಬರೆಯುವ, ನಮ್ಮದೇ ಬೆಂಗಳೂರಿನ ಬುದ್ಧಿವಂತ ಗೆಳೆಯ ಗೆಳತಿಯರನ್ನು. ನೀವು ಕೆಟ್ಟವರಲ್ಲ. ಬೀದಿಯಲ್ಲಿ ಯಾರದೋ ಕೂಸು ಅತ್ತರೆ ತಿರುಗಿ ನೋಡುವವರು ನೀವು. ಅಳದ ಕೂಸನ್ನೂ ಒಮ್ಮೆ ತಿರುಗಿ ನೋಡಿ ಎಂದಷ್ಟೇ ಬೇಡುತ್ತಿದ್ದೇನೆ.

ಕೂಸಿನಿಂದ ನಾವು ಕಿತ್ತುಕೊಳ್ಳುತ್ತಿರುವುದು ಏನನ್ನು ಎಂದು ಯೋಚಿಸಿ. ನಾಳೆ ಅದು ತನ್ನ ಹಸಿವನ್ನು, ಭಯವನ್ನು, ಕೋಪವನ್ನು, ಪ್ರೀತಿಯನ್ನು ಹೇಳಿಕೊಳ್ಳಬೇಕಾದ ಮಾತನ್ನೇ. ಇವತ್ತು ದೂರು ಹೇಳಲಾರದ ಜೀವಕ್ಕೆ ನಾಳೆಯೂ ದೂರು ಹೇಳಲು ಕಷ್ಟವಾಗುವಂತೆ ಮಾಡುವುದಕ್ಕಿಂತ ದೊಡ್ಡ ಅನ್ಯಾಯ ಇನ್ನೇನಿದೆ?

ಆದ್ದರಿಂದ ಕೈಮುಗಿದು ಕೇಳುತ್ತೇನೆ. ದಿನಕ್ಕೆ ಒಂದು ಗಂಟೆ ನಿಮ್ಮ ಮುಖವನ್ನು ಕೂಸಿಗೆ ಕೊಡಿ. ಮನೆಯಲ್ಲಿ ಕೂಸಿಲ್ಲದಿದ್ದರೆ ಪಕ್ಕದ ಮನೆಯದನ್ನು ಎತ್ತಿಕೊಳ್ಳಿ, ಅದರ ಅಮ್ಮನಿಗೆ ಅರ್ಧ ಗಂಟೆ ಬಿಡುವು ಕೊಡಿ. ಕಾಗೆ ತೋರಿಸಿ, ಬಸ್ಸು ತೋರಿಸಿ, ಸೊಪ್ಪು ಬಿಡಿಸುತ್ತ ಸೊಪ್ಪಿನ ಹೆಸರು ಹೇಳಿ, ಅದು "ಬಾ ಬಾ" ಎಂದರೆ ನೀವೂ "ಬಾ ಬಾ" ಎನ್ನಿ. ನಿಮ್ಮ ಕಚೇರಿಯಲ್ಲಿ ಶಿಶುಪಾಲನಾ ಕೊಠಡಿ ಎಲ್ಲಿದೆ ಎಂದು ಕೇಳಿ, ಇಲ್ಲವೆಂದರೆ ಮತ್ತೆ ಕೇಳಿ. ಕೂಸಿಗೆ ಮಾತು ಬಾರದು. ನಿಮಗೆ ಬರುತ್ತದೆ. ಅದರೊಡನೆ ಆಡಿ, ಅದರ ಪರವಾಗಿಯೂ ಆಡಿ.