ಎಳ್ಳು ಬೀರೋದು ಫೋನಿನಲ್ಲೇ ಮುಗಿಯಬಾರದು

ಸಂಕ್ರಾಂತಿ ದಿನ ಬೆಳಿಗ್ಗೆ ಫೋನ್ ತೆಗೆದರೆ ಎಳ್ಳು-ಬೆಲ್ಲದ ತಟ್ಟೆಗಳ ಫೋಟೊ ಸಾಲುಗಟ್ಟಿ ಬಂದಿರುತ್ತವೆ. ಎಲ್ಲದರ ಕೆಳಗೂ ಅದೇ ಮಾತು: ಎಳ್ಳು-ಬೆಲ್ಲ ತಿಂದು ಒಳ್ಳೆ ಮಾತಾಡಿ. ನಾವೂ ಒಂದು ಕೈಮುಗಿಯುವ ಚಿತ್ರ ಕಳಿಸಿ ಸುಮ್ಮನಾಗುತ್ತೇವೆ. ನೂರು ಜನಕ್ಕೆ ಹೋದ ಆ ಎಳ್ಳನ್ನು ತಿಂದವರು ಮಾತ್ರ ಒಬ್ಬರೂ ಇಲ್ಲ.

ಹಾಗಂತ ಆನ್‌ಲೈನ್ ಹಬ್ಬವೇ ಬೇಡ ಅನ್ನೋರು ನಾವಲ್ಲ. 2020ರ ಯುಗಾದಿ ನೆನಪಿದೆಯಲ್ಲ? ಮಾರ್ಚ್ 25, ದೇಶದಲ್ಲಿ ಲಾಕ್‌ಡೌನ್‌ನ ಮೊದಲ ದಿನ. ಮಗ ಬೆಂಗಳೂರಲ್ಲಿ, ತಾಯಿ ಊರಲ್ಲಿ. ಎಷ್ಟೋ ಮನೆಗಳಲ್ಲಿ ಬೇವು-ಬೆಲ್ಲದ ಬಟ್ಟಲನ್ನು ವಿಡಿಯೊ ಕಾಲ್‌ನಲ್ಲೇ ತೋರಿಸಿಕೊಂಡರು. ಅದೇ ವರ್ಷ ಮೈಸೂರಿನ ಜಂಬೂ ಸವಾರಿ ಅರಮನೆ ಆವರಣ ದಾಟಲಿಲ್ಲ. ಅಭಿಮನ್ಯು ಅಂಬಾರಿ ಹೊತ್ತು ನಡೆದಿದ್ದನ್ನು ಜನ ಟಿವಿಯಲ್ಲಿ, ಮೊಬೈಲ್‌ನಲ್ಲಿ ನೋಡಿದರು. ದಸರಾ ಮೆರವಣಿಗೆ ನೋಡೋ ಹಬ್ಬ, ಪರದೆಯಲ್ಲಿ ಅರ್ಧದಷ್ಟಾದರೂ ಸಿಗುತ್ತೆ. ಸಂಕ್ರಾಂತಿ ಕೊಡೋ ಹಬ್ಬ. ತೊಂದರೆ ಇರೋದು ಅಲ್ಲೇ.

ನಮ್ಮ ರಾಜಾನುಕುಂಟೆ ಕಡೆ ನೋಡಿ. ದೊಡ್ಡಬಳ್ಳಾಪುರ ರಸ್ತೆಯ ಅಕ್ಕಪಕ್ಕದ ಎಷ್ಟೋ ರಾಗಿ ಹೊಲಗಳು ಲೇಔಟ್ ಆಗಿವೆ. ಉಳುವ ಎತ್ತು ಅಪರೂಪ, ಕೊಟ್ಟಿಗೆಯಲ್ಲಿರೋದು ಡೇರಿಗೆ ಹಾಲು ಕೊಡೋ ಸೀಮೆಹಸು. ಮೈ ತೊಳೆದು, ಅರಿಶಿನ ಹಚ್ಚಿ, ಕೊಂಬಿಗೆ ಬಣ್ಣ ಬಳಿದು, ಹೊತ್ತು ಮುಳುಗುವಾಗ ಹುಲ್ಲಿನ ಬೆಂಕಿ ದಾಟಿಸೋ ಕಿಚ್ಚು ಹೀಗೇ ಕಮ್ಮಿಯಾಯಿತು. ಮೈಮೇಲಿನ ಉಣ್ಣೆ ಉದುರಲಿ ಅಂತ ಹಾಯಿಸೋದು ಅನ್ನುತ್ತಾರೆ ಹಿರಿಯರು. ಈಗ ಅದರ ವಿಡಿಯೊ ಮಂಡ್ಯ ಕಡೆಯಿಂದ ಬರುತ್ತೆ. ಬರಲಿ, ಮಕ್ಕಳು ನೋಡಲಿ. ಆದರೆ ರೀಲ್ಸ್ ಚೆನ್ನಾಗಿ ಬರಲಿಲ್ಲ ಅಂತ ಅದೇ ಎತ್ತನ್ನು ಇನ್ನೊಂದು ಸಲ ಬೆಂಕಿಗೆ ನೂಕಿದರೆ ಅದು ಮೂಕಪ್ರಾಣಿಗೆ ಕೊಡೋ ಹಿಂಸೆ, ಅಷ್ಟೇ.

ಫೋನ್ ನಿಜವಾಗಿ ಕೆಲಸಕ್ಕೆ ಬರೋದು ಹಬ್ಬದ ಹಿಂದಿನ ವಾರ. ಸಕ್ಕರೆ ಅಚ್ಚು ಮನೆಯಲ್ಲೇ ಮಾಡೋರು ಈಗ ಕಮ್ಮಿ. ಮರದ ಅಚ್ಚನ್ನು ಮೊದಲು ನೀರಲ್ಲಿ ನೆನೆಸಬೇಕು, ಇಲ್ಲದಿದ್ದರೆ ಸಕ್ಕರೆ ಅಂಟಿಕೊಳ್ಳುತ್ತೆ. ಪಾಕಕ್ಕೆ ಹಾಲು ಹಾಕಿ ಕೊಳೆ ತೆಗೆಯಬೇಕು. ಇಷ್ಟನ್ನು ಬರೆದು ಕಳಿಸಬಹುದು, ಆದರೆ ಪಾಕದ ಹದ ಕಣ್ಣಲ್ಲಿ ನೋಡಿಯೇ ತಿಳಿಯಬೇಕು. ಹೆಬ್ಬಾಳದಲ್ಲಿರೋ ಮೊಮ್ಮಗಳು ವಿಡಿಯೊ ಕಾಲ್ ಮಾಡಿ ಫೋನನ್ನು ಒಲೆ ಕಡೆ ತಿರುಗಿಸಿಟ್ಟರೆ, ಅಜ್ಜಿ ಊರಿಂದಲೇ “ಸಾಕು, ಇಳ್ಸು ಮಗ” ಅಂತ ಹೇಳಬಹುದು. ಅಜ್ಜಿಯ ಸೋಬಾನೆ ಪದಗಳನ್ನೂ ಅವರನ್ನು ಕೇಳಿಯೇ ರೆಕಾರ್ಡ್ ಮಾಡಿಡಿ. ಯಾವ ಶಾಸ್ತ್ರಕ್ಕೆ ಹಾಡೋದು, ಯಾರಿಂದ ಕಲಿತಿದ್ದು ಅಂತ ಅವರ ಬಾಯಲ್ಲೇ ಹೇಳಿಸಿ. ವಾಟ್ಸಾಪ್‌ನಲ್ಲೇ ಬಿಟ್ಟರೆ ಫೋನಲ್ಲಿ ಜಾಗ ಸಾಲದೆ ಒಂದಿನ ಅಳಿಸಿಬಿಡುತ್ತೀರಿ. ಮೆಮೊರಿ ಕಾರ್ಡಿಗೆ ಒಂದು ಪ್ರತಿ ಹಾಕಿ.

ಹೊಸದಾಗಿ ಮದುವೆಯಾದ ಹೆಣ್ಣುಮಗಳು ಐದು ವರ್ಷ ಬಾಳೆಹಣ್ಣು ಬೀರೋ ಪದ್ಧತಿ ಕೆಲವು ಮನೆಗಳಲ್ಲಿದೆ, ವರ್ಷವರ್ಷ ಐದೈದು ಹೆಚ್ಚಿಸುತ್ತಾ. ಸೊಸೆ ದುಬೈನಲ್ಲಿದ್ದರೆ ಅತ್ತೆ ಇಲ್ಲಿ ಹಣ್ಣು ಹಿಡಿದು ಹೊರಡಲಿ, ಸೊಸೆ ಫೋನಿನಲ್ಲಿ ಜೊತೆಗಿರಲಿ. ಹಣ್ಣು ಕೈಗೆ ಸೇರುತ್ತೆ, ಸೊಸೆಯ ಮುಖ ಬೀದಿಗೆ ಪರಿಚಯವಾಗುತ್ತೆ. ಇಂಥ ಆನ್‌ಲೈನ್ ಹಬ್ಬ ನಮಗೆ ಇಷ್ಟ.

ಪಕ್ಕದ ಮನೆಗೂ ಫಾರ್ವರ್ಡ್ ಮಾಡಿ ಮುಗಿಸೋದನ್ನು ಮಾತ್ರ ನಾವು ಒಪ್ಪಲ್ಲ. ಜಮೀನಿಗೆ ಬೆಲೆ ಬಂದ ಮೇಲೆ ಪಾಲಿನ ವಿಷಯಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಸುತ್ತಮುತ್ತ ಕಮ್ಮಿಯಿಲ್ಲ. ಹೊಸ ಲಂಗ ಉಟ್ಟ ಪುಟ್ಟ ಹುಡುಗಿ ಎಳ್ಳಿನ ಡಬ್ಬಿ ಹಿಡಿದು “ದೊಡ್ಡಪ್ಪಾ, ತಗೊಳ್ಳಿ” ಅಂತ ಬಾಗಿಲಲ್ಲಿ ನಿಂತರೆ ಬೇಡ ಅನ್ನೋಕೆ ಯಾರಿಗೆ ಬಾಯಿ ಬರುತ್ತೆ? ಫೋಟೊ ಆದರೆ ನೋಡದೇ ಬಿಡಬಹುದು, ನಂಬರನ್ನೇ ಬ್ಲಾಕ್ ಮಾಡಬಹುದು.

ಈ ಸಲ ಮಹಡಿ ಮೇಲಿನ ಬಾಡಿಗೆಯವರ ಮನೆಗೂ ಮಕ್ಕಳನ್ನು ಕಳಿಸಿ. ಅವರು ಬಿಹಾರದವರಾದರೆ ಅವರಿಗೂ ಅದು ಎಳ್ಳಿನ ಹಬ್ಬವೇ. ಎಳ್ಳು-ಬೆಲ್ಲ ಕುಟ್ಟಿ ಮಾಡಿದ ತಿಲ್‌ಕುಟ್ ತಿನ್ನುತ್ತಾರೆ. ನಿಮ್ಮ ಡಬ್ಬಿ ಖಾಲಿ ವಾಪಸ್ ಬರಲಿಕ್ಕಿಲ್ಲ.