ಮಕ್ಕಳ ಎಣಿಕೆಗಿಂತ ಮೊದಲು ಉಪಾಧ್ಯಾಯರ ಎಣಿಕೆಯಾಗಲಿ

ಸಂಪಾದಕರಿಗೆ,



ದಾಖಲಾತಿಯು ಕ್ಷೀಣಿಸಿದೆಯೆಂಬ ಕಾರಣದಿಂದ ಮಲೆನಾಡಿನ ಸಣ್ಣ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳನ್ನು ದೂರದ ಶಾಲೆಗಳೊಡನೆ ವಿಲೀನಗೊಳಿಸಬೇಕೆಂಬ ವಿಚಾರವು ಮತ್ತೆ ಮತ್ತೆ ತಲೆಯೆತ್ತುತ್ತಿರುವುದನ್ನೂ, ಇಲ್ಲಿ ಕಲಿಕೆಯ ಮಟ್ಟವೂ ಕುಸಿದಿರುವುದರಿಂದ ಇವನ್ನು ಉಳಿಸಿಕೊಂಡು ಪ್ರಯೋಜನವಿಲ್ಲವೆಂಬ ಮಾತು ಅದಕ್ಕೆ ಒತ್ತಾಸೆಯಾಗಿ ಕೇಳಿಬರುತ್ತಿರುವುದನ್ನೂ ಕಂಡು, ಬಹುಕಾಲ ಇಂಥ ಶಾಲೆಗಳಲ್ಲಿಯೇ ಉಪಾಧ್ಯಾಯನಾಗಿದ್ದ ನಾನು ಈ ಪತ್ರವನ್ನು ಬರೆಯುತ್ತಿದ್ದೇನೆ. ದಾಖಲಾತಿ ಇಳಿದಿರುವುದು ನಿಜ. ಕಲಿಕೆ ಸೊರಗಿರುವುದೂ ಅನೇಕ ಕಡೆಗಳಲ್ಲಿ ನಿಜ. ಆದರೆ ಈ ಎರಡಕ್ಕೂ ಹಿಂದೆ ಇರುವ ಕಾರಣವನ್ನು ಯಾರೂ ಎತ್ತಿ ಆಡುತ್ತಿಲ್ಲ. ಐದು ತರಗತಿಗಳಿಗೆ ಒಬ್ಬರೇ ಉಪಾಧ್ಯಾಯರಿರುವುದೇ ಆ ಕಾರಣ.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು, ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು ಉಪಾಧ್ಯಾಯರಿರತಕ್ಕದ್ದೆಂದು ವಿಧಿಸಿದೆ. ಮೂವತ್ತು ಮಕ್ಕಳಿಗೆ ಒಬ್ಬರೆಂಬ ಪ್ರಮಾಣವನ್ನು ಹಿಡಿದುಕೊಂಡು, ಹದಿನೈದು ಮಕ್ಕಳಿರುವಲ್ಲಿ ಒಬ್ಬರು ಸಾಕಲ್ಲವೆ ಎಂದು ವಾದಿಸುವವರು ಈ ಅನುಸೂಚಿಯನ್ನು ಓದಿದಂತೆ ಕಾಣುವುದಿಲ್ಲ. ಮಕ್ಕಳು ಎಷ್ಟೇ ಕಡಿಮೆಯಿರಲಿ, ತರಗತಿಗಳು ಐದೇ ಆಗಿರುತ್ತವೆ.

ಇದರ ಅರ್ಥವೇನೆಂಬುದು ಶಾಲೆಯ ಒಂದು ದಿನವನ್ನು ಕುಳಿತು ನೋಡಿದವರಿಗಲ್ಲದೆ ತಿಳಿಯದು. ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾಗಿ ಅನಂತರ ನಾಡಿನ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಮೊದಲ ಮೂರು ತರಗತಿಗಳ ಮಕ್ಕಳು ಒಂದೇ ಕೊಠಡಿಯಲ್ಲಿ ಗುಂಪುಗಳಾಗಿ ಕುಳಿತು, ಕಲಿಕಾ ಏಣಿಯ ಮೆಟ್ಟಿಲುಗಳನ್ನು ತಮ್ಮ ತಮ್ಮ ವೇಗಕ್ಕೆ ತಕ್ಕಂತೆ ಏರುತ್ತಾರೆ. ಇದು ಸುಂದರವಾದ ಪದ್ಧತಿ. ಓದಲು ಹಿಂಜರಿಯುತ್ತಿದ್ದ ಮಕ್ಕಳು ಇದರಿಂದ ಅರಳಿದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಸಂಪೂರ್ಣ ನೆರವು ಬೇಕಾದ ಗುಂಪಿನ ಪಕ್ಕದಲ್ಲಿ ಉಪಾಧ್ಯಾಯರು ಕುಳಿತೇ ಇರಬೇಕಾಗುತ್ತದೆ. ಆ ಹೊತ್ತಿನಲ್ಲಿ ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳು ಮತ್ತೊಂದು ಕೊಠಡಿಯಲ್ಲಿ ಪಾಠವನ್ನು ನೋಡಿ ಬರೆಯುತ್ತ, ಭಾಗಾಕಾರವನ್ನು ಕಲಿಸಲು ಯಾರಾದರೂ ಬಂದಾರೆಂದು ಕಾಯುತ್ತಿರುತ್ತಾರೆ. ಇದರ ಮೇಲೆ ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ದಾಸ್ತಾನು, ಮಕ್ಕಳ ವಿವರಗಳನ್ನು ದಾಖಲಿಸುವ ಸ್ಯಾಟ್ಸ್ ತಂತ್ರಾಂಶಕ್ಕೆ ತುಂಬಬೇಕಾದ ಮಾಹಿತಿ. ತಾಲ್ಲೂಕು ಕೇಂದ್ರದಲ್ಲಿ ಸಭೆಯಿದ್ದ ದಿನ ಮಕ್ಕಳ ಹೊಣೆಯನ್ನು ಅಡುಗೆಯಾಕೆಗೆ ವಹಿಸಿ ಹೊರಡದೆ ಗತ್ಯಂತರವಿಲ್ಲ.

ತಂದೆತಾಯಿಗಳು ಇದನ್ನೆಲ್ಲ ನೋಡುತ್ತಿರುತ್ತಾರೆ. ಕೂಲಿಯ ಹಣದಲ್ಲಿ ಶುಲ್ಕವನ್ನು ತೆತ್ತು, ಮೊದಲು ಮಗನನ್ನು, ಕೈಲಾದರೆ ಅನಂತರ ಮಗಳನ್ನು ಕಾನ್ವೆಂಟಿನ ವ್ಯಾನು ಹತ್ತಿಸುವವರನ್ನು ಇಂಗ್ಲಿಷಿನ ವ್ಯಾಮೋಹಕ್ಕೆ ಬಲಿಯಾದವರೆಂದು ಹಳಿಯುವುದು ಸುಲಭ, ನಾನು ಹಳಿಯಲಾರೆ. ಒಬ್ಬೊಬ್ಬರೇ ವರ್ಗಾವಣೆ ಪತ್ರವನ್ನು ಪಡೆದು ಹೋದಂತೆ ಸಂಖ್ಯೆ ಇಳಿಯುತ್ತದೆ, ಸಂಖ್ಯೆ ಇಳಿದುದರಿಂದ ಎರಡನೆಯ ಹುದ್ದೆಯು ಬೇರೆಡೆಗೆ ಹೋಗುತ್ತದೆ, ಆ ಹುದ್ದೆ ಹೋದುದರಿಂದ ಉಳಿದವರೂ ಹೊರಡುತ್ತಾರೆ. ಕೊನೆಗೆ ಆ ಸಂಖ್ಯೆಯನ್ನೇ ಸಾಕ್ಷಿಯಾಗಿ ನಿಲ್ಲಿಸಿ ಶಾಲೆಯ ವಿರುದ್ಧ ತೀರ್ಪು ಕೊಡುವುದು ನ್ಯಾಯವೇ?

ಕಲಿಕೆಯ ಶೇಕಡಾವಾರು ಅಂಕಿಗಳನ್ನು ಕುರಿತೂ ಒಂದು ಮಾತು. ಐದನೆಯ ತರಗತಿಯಲ್ಲಿ ನಾಲ್ಕೇ ಮಕ್ಕಳಿರುವಲ್ಲಿ, ಒಂದು ಮಗು ಜ್ವರದಿಂದ ತಿಂಗಳುಗಟ್ಟಲೆ ಹಿಂದೆ ಬಿದ್ದರೆ ಶಾಲೆಯ ಫಲಿತಾಂಶವು ಶೇಕಡಾ 25ರಷ್ಟು ಕುಸಿಯುತ್ತದೆ. ಮರುವರ್ಷ ಅದೇ ಉಪಾಧ್ಯಾಯರ ಶಾಲೆ ಶೇಕಡಾ ನೂರನ್ನು ಮುಟ್ಟಬಹುದು. ಇಂಥಲ್ಲಿ ಪ್ರತಿಯೊಂದು ಮಗುವಿನ ಪ್ರಗತಿಯನ್ನು ಬೇರೆಬೇರೆಯಾಗಿ ನೋಡಬೇಕೇ ಹೊರತು ಸರಾಸರಿಯನ್ನು ಹಿಡಿದು ಶಾಲೆಗಳನ್ನು ತೂಗಬಾರದು.

ಎರಡು ಮೂರೇ ಮಕ್ಕಳು ಉಳಿದಿರುವ ಶಾಲೆಯಲ್ಲಿ ಆಟಕ್ಕೆ ಒಡನಾಡಿಗಳೇ ಇಲ್ಲದೆ ಆ ಮಕ್ಕಳು ಬಾಡುವರೆಂಬುದನ್ನು ನಾನು ಒಪ್ಪುತ್ತೇನೆ; ಅಲ್ಲಿ ವಿಲೀನವು ಹಿತವೇ ಆಗಬಹುದು. ಆದರೆ ನಕ್ಷೆಯ ಮೇಲೆ ಒಂದು ಕಿಲೋಮೀಟರೆಂದು ಕಾಣುವ ದೂರದ ನಡುವೆ ಆಷಾಢದಲ್ಲಿ ಉಕ್ಕಿ ಹರಿಯುವ ಹಳ್ಳವಿದೆ. ಅದರ ಮೇಲೆ ಅಡಕೆಮರದ ಕಾಲುಸಂಕವಿದೆ. ಆರು ವರ್ಷದ ಮಗು ಅದನ್ನು ಒಂಟಿಯಾಗಿ ದಾಟಬೇಕೆಂದು ಹೇಳುವ ಧೈರ್ಯ ನನಗಿಲ್ಲ. 1913ರಷ್ಟು ಹಿಂದೆಯೇ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕಾಗಿ ಶಾಸನವನ್ನು ಮಾಡಿದ ಮೈಸೂರು ಸಂಸ್ಥಾನದ ಭಾಗವಾಗಿದ್ದ ಈ ಸೀಮೆಯ ಮಕ್ಕಳಿಗೆ, ಒಂದು ಶತಮಾನವಾದ ಮೇಲೆ ಶಾಲೆಯು ದೂರವಾಗಕೂಡದು.

ಆದುದರಿಂದ ಶಿಕ್ಷಣ ಇಲಾಖೆಯು ಯಾವುದೇ ಶಾಲೆಯನ್ನು ಮುಚ್ಚುವ ಮುನ್ನ, ಕಳೆದ ಹತ್ತು ವರ್ಷಗಳಲ್ಲಿ ಆ ಶಾಲೆಯಲ್ಲಿ ಎರಡನೆಯ ಉಪಾಧ್ಯಾಯರು ಎಷ್ಟು ಕಾಲ ಇದ್ದರೆಂಬುದನ್ನು ದಾಖಲಾತಿಯ ಅಂಕಿಗಳ ಜೊತೆಯಲ್ಲಿಯೇ ಪ್ರಕಟಿಸಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದಿಡಬೇಕೆಂದು ಕೋರುತ್ತೇನೆ. ಹುದ್ದೆಯು ಖಾಲಿಯಿದ್ದುದು ಕಂಡುಬಂದಲ್ಲಿ, ವರ್ಷಾರ್ಧದಲ್ಲಿ ಬಂದು ವರ್ಷಾಂತ್ಯಕ್ಕೆ ಹೋಗುವ ಅತಿಥಿ ಶಿಕ್ಷಕರ ಬದಲು ಕಾಯಂ ಉಪಾಧ್ಯಾಯರನ್ನೇ ನೇಮಿಸಿ, ಒಂದನೆಯ ತರಗತಿಗೆ ಸೇರಿದ ಮಗು ಐದನೆಯದನ್ನು ಮುಗಿಸುವವರೆಗಾದರೂ ಆ ಶಾಲೆಗೆ ಕಾಲಾವಕಾಶವನ್ನು ಕೊಡಬೇಕು.

ಇತಿ,
ಮಲೆನಾಡಿನ ಒಬ್ಬ ನಿವೃತ್ತ ಉಪಾಧ್ಯಾಯ