ಸೆನ್ಸರ್ ಕೆಟ್ಟಿದೆ ಎನ್ನುವ ಮೊದಲು ರೀಡಿಂಗ್ ತೋರಿಸಿ

ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಕುದುರೆಲಾಳದಂಥ ಆಕೃತಿಯೊಳಗೆ ಆಶ್ಚರ್ಯಸೂಚಕ ಚಿಹ್ನೆಯಿರುವ ಹಳದಿ ದೀಪ ಹೊತ್ತಿಕೊಂಡರೆ ನಮ್ಮಲ್ಲಿ ಸಾಮಾನ್ಯವಾಗಿ ಎರಡರಲ್ಲೊಂದು ನಡೆಯುತ್ತದೆ. ಕೆಲವರು ನೋಡಿಯೂ ನೋಡದವರಂತೆ ತಿಂಗಳುಗಟ್ಟಲೆ ಓಡಾಡುತ್ತಾರೆ. ಇನ್ನು ಕೆಲವರು ಸರ್ವಿಸ್ ಸೆಂಟರ್‌ಗೆ ಹೋಗಿ, ‘ಸೆನ್ಸರ್ ಹೋಗಿದೆ, ನಾಲ್ಕನ್ನೂ ಬದಲಾಯಿಸಿಬಿಡಿ’ ಎಂಬ ಮಾತು ಕೇಳಿ ಬಿಲ್ ಕಟ್ಟಿ ಬರುತ್ತಾರೆ. ಎರಡು ಕಡೆಯೂ ದೀಪ ಯಾಕೆ ಹೊತ್ತಿತು ಎಂಬುದನ್ನು ಯಾರೂ ಪತ್ತೆ ಮಾಡಿರುವುದಿಲ್ಲ. ಟೈರಿನ ಗಾಳಿ ಅಳೆಯುವ ಸೆನ್ಸರ್ ಕೆಟ್ಟಿದೆ ಎಂದು ತೀರ್ಪು ಕೊಡುವವರು ಅದಕ್ಕೆ ಅಳತೆಯ ಸಾಕ್ಷಿಯನ್ನು ಬಿಲ್ಲಿನ ಜೊತೆಗೇ ಬರಹದಲ್ಲಿ ಕೊಡಬೇಕು ಎಂಬುದು ನನ್ನ ವಾದ. ಹಾಗೆ ಕೊಡುವುದು ಅವರು ಹೇಳಿಕೊಳ್ಳುವಷ್ಟು ಕಷ್ಟದ ಕೆಲಸವೇನಲ್ಲ.

ಮೊದಲ ಸಾಕ್ಷಿ ದೀಪದಲ್ಲೇ ಇದೆ. ಟೈರ್ ವೈಫಲ್ಯದಿಂದಾದ ಸಾವುನೋವುಗಳ ನಂತರ ಅಮೆರಿಕ 2000ರಲ್ಲಿ ಕಾನೂನು ತಂದು, 2007ರ ಸೆಪ್ಟೆಂಬರ್ ಹೊತ್ತಿಗೆ ಹೊಸ ಲಘು ವಾಹನಗಳಿಗೆಲ್ಲ ಈ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ಒತ್ತಡ ನಿಗದಿಗಿಂತ ಶೇ 25ರಷ್ಟು ಇಳಿದರೆ ದೀಪ ಹೊತ್ತಬೇಕು. ವ್ಯವಸ್ಥೆಯೇ ಕೆಟ್ಟಿದ್ದರೆ ಅದೇ ದೀಪ ಒಂದು ನಿಮಿಷದಿಂದ ಒಂದೂವರೆ ನಿಮಿಷ ಮಿಣುಕಿ, ಆಮೇಲೆ ಸ್ಥಿರವಾಗಿ ಉರಿಯಬೇಕು. ಇಲ್ಲಿನ ಹಲವು ಕಾರುಗಳಲ್ಲೂ ಇದೇ ಪದ್ಧತಿ ಇದೆ. ಅಂದರೆ ಕಾರ್ ಸ್ಟಾರ್ಟ್ ಮಾಡಿದಾಗ ದೀಪ ಮಿಣುಕಿತೇ ಅಥವಾ ನೇರವಾಗಿ ಹೊತ್ತಿ ನಿಂತಿತೇ ಎಂಬ ಒಂದೇ ಪ್ರಶ್ನೆ ಅರ್ಧ ಗೊಂದಲವನ್ನು ಪರಿಹರಿಸುತ್ತದೆ. ಕೌಂಟರಿನಲ್ಲಿ ಈ ಪ್ರಶ್ನೆ ಕೇಳುವವರು ಕಡಿಮೆ. ಮಿಣುಕದೆ ಹೊತ್ತಿದ ದೀಪದ ಹಿಂದೆ ಬಹಳ ಸಲ ಇರುವುದು ನಿಜವಾಗಿಯೂ ಇಳಿದ ಗಾಳಿಯೇ. ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್ ಇಳಿದರೆ ಕಾರಿನ ಟೈರಿನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಕಡಿಮೆಯಾಗುತ್ತದೆ. ಮೊದಲೇ ಐದಾರು ಪಿಎಸ್‌ಐ ಕೊರತೆಯಿದ್ದ ಚಕ್ರ ಡಿಸೆಂಬರಿನ ಬೀದರಿನಲ್ಲೋ ಚಿಕ್ಕಮಗಳೂರಿನಲ್ಲೋ ಬೆಳಗಿನ ಚಳಿಗೆ ಮಿತಿ ದಾಟಿ ದೀಪ ಹೊತ್ತಿಸುತ್ತದೆ, ಮಧ್ಯಾಹ್ನದ ಬಿಸಿಗೆ ಮತ್ತೆ ಸರಿಹೋಗುತ್ತದೆ. ‘ಬೆಳಿಗ್ಗೆ ಬರುತ್ತೆ, ಮಧ್ಯಾಹ್ನ ಹೋಗುತ್ತೆ, ಸೆನ್ಸರ್ ಸರಿಯಿಲ್ಲ’ ಎನ್ನುತ್ತಾರೆ. ಪಾಪ, ಸತ್ಯ ಹೇಳಿದ್ದೇ ಅದರ ಅಪರಾಧ!

ಎರಡನೆಯದಾಗಿ, ಚಕ್ರದೊಳಗೆ ಸೆನ್ಸರ್ ಇದೆಯೇ ಎಂಬುದೇ ಗೊತ್ತಿರಬೇಕು. ಎಷ್ಟೋ ಕಾರುಗಳಲ್ಲಿ ಅದು ಇರುವುದೇ ಇಲ್ಲ. ಗಾಳಿ ಇಳಿದ ಟೈರಿನ ಸುತ್ತಳತೆ ಕೊಂಚ ಕುಗ್ಗಿ ಅದು ಉಳಿದವಕ್ಕಿಂತ ತುಸು ವೇಗವಾಗಿ ತಿರುಗುವುದನ್ನು ಎಬಿಎಸ್‌ನ ವೇಗಮಾಪಕಗಳಿಂದಲೇ ಲೆಕ್ಕ ಹಾಕುತ್ತಾರೆ. ಅಲ್ಲಿ ಗಾಳಿ ತುಂಬಿಸಿ ರೀಸೆಟ್ ಒತ್ತುವುದನ್ನು ಮರೆತರೂ ದೀಪ ತಪ್ಪು ಹೇಳಬಹುದು. ನಿಜವಾದ ಸೆನ್ಸರ್ ಇರುವ ಕಾರುಗಳಲ್ಲಿ ಅದು ವಾಲ್ವ್‌ನ ಬುಡದಲ್ಲಿ ಕೂತು ಒತ್ತಡ, ಉಷ್ಣತೆ ಎರಡನ್ನೂ ರೇಡಿಯೊ ಮೂಲಕ ಕಳಿಸುತ್ತದೆ. ಬ್ಯಾಟರಿ ಒಳಗೇ ಸೀಲ್ ಆಗಿರುತ್ತದೆ, ಬಾಳಿಕೆ ಸಾಮಾನ್ಯವಾಗಿ ಐದರಿಂದ ಹತ್ತು ವರ್ಷ. ವಾಲ್ವ್ ಪಕ್ಕ ಹಿಡಿಯುವ ಕೈಯಗಲದ ಟೂಲ್ ಒಂದಿದೆ. ಅದು 125 ಕಿಲೋಹರ್ಟ್ಸ್ ಸಂಕೇತ ಕೊಟ್ಟು ಸೆನ್ಸರನ್ನು ಎಬ್ಬಿಸಿ, ಅದರ ಐಡಿ, ಒತ್ತಡ, ಉಷ್ಣತೆ, ಹಲವು ಬಾರಿ ಬ್ಯಾಟರಿಯ ಸ್ಥಿತಿಯನ್ನೂ ಓದಿ ತೋರಿಸುತ್ತದೆ. ಸೆನ್ಸರ್ ಉತ್ತರಿಸಿದರೆ ಅದು ಬದುಕಿದೆ ಎಂದರ್ಥ. ಆಗ ತಪ್ಪನ್ನು ಬೇರೆಡೆ ಹುಡುಕಬೇಕು. ಅದರ ಐಡಿ ಕಾರಿನ ಕಂಪ್ಯೂಟರಿನಲ್ಲಿ ದಾಖಲಾಗಿರಲಿಕ್ಕಿಲ್ಲ, ರಿಸೀವರ್ ಕೆಟ್ಟಿರಬಹುದು, ಅಗ್ಗದ ಮೊಬೈಲ್ ಚಾರ್ಜರ್ ಅಥವಾ ಡ್ಯಾಶ್‌ಕ್ಯಾಮ್ ರೇಡಿಯೊ ಗದ್ದಲ ಎಬ್ಬಿಸುತ್ತಿರಬಹುದು. ನಾಲ್ಕೂ ಚಕ್ರಗಳ ಅಂಕಿ ಒಂದೇ ದಿನ ಮಾಯವಾದರೆ ನಾಲ್ಕು ಬ್ಯಾಟರಿಗಳು ಒಟ್ಟಿಗೆ ಸತ್ತವೆ ಎಂದು ನಂಬುವುದಕ್ಕಿಂತ ಮೊದಲು ಫ್ಯೂಸ್, ರಿಸೀವರ್ ನೋಡುವುದು ವಿವೇಕ. ನೇರವಾಗಿ ಸೆನ್ಸರ್ ಬದಲಿಸುವುದು ಕರೆಂಟ್ ಹೋದಾಗ ಬಲ್ಬ್ ಬದಲಿಸಿದ ಹಾಗೆ. ಪಂಕ್ಚರ್ ಆಗಿ ಸ್ಟೆಪ್ನಿ ಹಾಕಿದ ಮೇಲೆ ದೀಪ ಮಿಣುಕಿದರಂತೂ ಹುಡುಕಾಟವೇ ಬೇಡ. ಅನೇಕ ಕಾರುಗಳ ಸ್ಟೆಪ್ನಿಯಲ್ಲಿ ಸೆನ್ಸರ್ ಹಾಕಿರುವುದಿಲ್ಲ.

ಸೆನ್ಸರ್‌ಗಳು ಕೆಡುವುದಿಲ್ಲ ಎಂದಲ್ಲ. ಪಂಕ್ಚರ್ ಅಂಗಡಿಯಲ್ಲಿ ಟೈರ್ ಬಿಚ್ಚುವ ಯಂತ್ರದ ಒತ್ತು ವಾಲ್ವ್ ಬಳಿ ಬಿದ್ದರೆ ಮುರಿಯುತ್ತವೆ. ಪಂಕ್ಚರ್ ಮುಚ್ಚುವ ದ್ರವ ಸಣ್ಣ ರಂಧ್ರಕ್ಕೆ ಅಂಟಿ ಅಳತೆ ತಪ್ಪುತ್ತದೆ. ಅಲ್ಯೂಮಿನಿಯಂ ವಾಲ್ವ್‌ಗೆ ಸಾದಾ ಹಿತ್ತಾಳೆಯ ಪಿನ್ ಹಾಕಿದರೆ, ಅದರಲ್ಲೂ ಕರಾವಳಿಯ ಉಪ್ಪುಗಾಳಿಯಲ್ಲಿ, ಎರಡು ಲೋಹಗಳ ನಡುವೆ ತುಕ್ಕು ಹಿಡಿದು ಪಿನ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಇವೆಲ್ಲ ಕಣ್ಣಿಗೆ ಕಾಣುವ, ಅಳೆಯಬಹುದಾದ ಕಾರಣಗಳು. ಬರೆದು ಕೊಡಲು ಅಡ್ಡಿಯೇನು?

ನಾಲ್ಕೂ ಒಂದೇ ವಯಸ್ಸಿನವು, ಒಂದು ಸತ್ತರೆ ಉಳಿದವೂ ಸಾಯುತ್ತವೆ, ಮತ್ತೆ ಮತ್ತೆ ಟೈರ್ ಬಿಚ್ಚುವ ಕೂಲಿ ಯಾಕೆ ಎಂದು ಮೆಕ್ಯಾನಿಕ್‌ಗಳು ಕೇಳುತ್ತಾರೆ. ಎಂಟು ವರ್ಷದ ಕಾರಿಗೆ ಹೊಸ ಟೈರ್ ಹಾಕಿಸುವಾಗ ಈ ಮಾತು ಪೂರ್ತಿ ಸರಿ. ಮೂರು ವರ್ಷದ ಕಾರಿಗೆ ಅದೇ ಮಾತು ಹೇಳಿದರೆ ಅದು ಬರೀ ವ್ಯಾಪಾರ. ಸಣ್ಣ ಗ್ಯಾರೇಜುಗಳಿಗೆ ಉಪಕರಣ ಎಲ್ಲಿಂದ ಬರಬೇಕು ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಸೆನ್ಸರ್ ಎಬ್ಬಿಸುವ ಟೂಲ್ ವ್ಹೀಲ್ ಬ್ಯಾಲೆನ್ಸಿಂಗ್ ಯಂತ್ರಕ್ಕಿಂತ ಬಹಳ ಅಗ್ಗ. ನಿಜವಾದ ತೊಡಕು ಕಾರಿನ ಕಂಪ್ಯೂಟರಿಗೆ ಹೊಸ ಐಡಿ ಕಲಿಸಲು ಬೇಕಾದ ಕಂಪನಿಯ ಮಾಹಿತಿಯದು. ಬಿಡಿಭಾಗ ಮತ್ತು ತಪಾಸಣಾ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತ್ತು. ಅದು ಮೇಲ್ಮನವಿಗೆ ಹೋಯಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ತೆರೆದ ‘ರಿಪೇರಿ ಹಕ್ಕು’ ಪೋರ್ಟಲ್ ವಾಹನಗಳನ್ನೂ ಒಳಗೊಂಡಿದೆ. ಐಡಿ ಕಲಿಸುವ ವಿಧಾನದಂಥ ಸಣ್ಣ ಮಾಹಿತಿಯನ್ನಾದರೂ ಕಂಪನಿಗಳು ಅಲ್ಲಿ ಬಿಚ್ಚಿಡಬೇಕು.

ಇನ್ನು, ಗೇಜ್ ಹಿಡಿದು ನೋಡಿದರೆ ಸಾಕು, ಈ ದೀಪವೇ ಬೇಡ ಎನ್ನುವವರಿದ್ದಾರೆ. ಗೇಜ್ ಬೇಕೇ ಬೇಕು, ಸೆನ್ಸರ್ ಸುಳ್ಳು ಹೇಳುತ್ತಿದೆಯೇ ಎಂಬುದಕ್ಕೂ ತಣ್ಣಗಿನ ಟೈರಿಗೆ ಹಿಡಿದ ಗೇಜೇ ಪ್ರಮಾಣ. ಆದರೆ ಮೈಸೂರು ಹೆದ್ದಾರಿಯ ವೇಗದಲ್ಲಿ ಮೊಳೆ ಚುಚ್ಚಿ ನಿಧಾನವಾಗಿ ಸೋರುವ ಗಾಳಿಯನ್ನು ಗೇಜ್ ನೋಡುವುದಿಲ್ಲ. ಮೇಲಾಗಿ 2020ರ ನಿಯಮ ತಿದ್ದುಪಡಿಯ ಪ್ರಕಾರ, ಈ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿಯೇ ಕಡ್ಡಾಯವಲ್ಲ. ಸ್ಟೆಪ್ನಿಯ ಜಾಗದಲ್ಲಿ ನಿಂತಿರುವ ದೀಪವನ್ನು ‘ಅದು ಹಾಗೇ, ಬಿಡಿ’ ಎಂದು ಬಿಡಲಾಗದು.

ಜಾಬ್‌ಕಾರ್ಡಿನಲ್ಲಿ ಆರೇಳು ಸಾಲು ಸಾಕು: ದೀಪ ಮಿಣುಕಿತೋ ಇಲ್ಲವೋ, ನಾಲ್ಕು ಚಕ್ರಗಳ ಗೇಜ್ ರೀಡಿಂಗ್, ಟೂಲ್ ಓದಿದ ಐಡಿ ಮತ್ತು ಒತ್ತಡ, ಬ್ಯಾಟರಿ ಸ್ಥಿತಿ, ಕಂಪ್ಯೂಟರಿನ ದೋಷಸಂಕೇತ. ಬದಲಿಸಿದ ಹಳೆಯ ಸೆನ್ಸರನ್ನೂ ಮಾಲೀಕರ ಕೈಗೆ ಕೊಡಲಿ. ಇನ್ನೊಂದು ಅಂಗಡಿಯಲ್ಲಿ ಅದಕ್ಕೆ ಟೂಲ್ ಹಿಡಿದರೆ ಉತ್ತರಿಸುತ್ತದೋ ಇಲ್ಲವೋ ಎಂಬುದು ಒಂದು ನಿಮಿಷದೊಳಗೆ ತಿಳಿಯುತ್ತದೆ.